ಹುಮನಾಬಾದಿನ ಮೈದಾನದಲ್ಲಿ ಉಳಿದ ಪ್ರಶ್ನೆ

2023ರ ಏಪ್ರಿಲ್ 29ರಂದು ಪ್ರಧಾನಿ ನರೇಂದ್ರ ಮೋದಿ ವಿಧಾನಸಭಾ ಚುನಾವಣೆಯ ಪ್ರಚಾರಕ್ಕಾಗಿ ಹುಮನಾಬಾದಿನಲ್ಲಿ ಮಾಡಿದ ಭಾಷಣದಿಂದ ದೇಶದ ನೆನಪಿನಲ್ಲಿ ಉಳಿದದ್ದು ಒಂದು ಸಂಖ್ಯೆ: 91. ಕಾಂಗ್ರೆಸ್ಸಿನವರು ತಮ್ಮನ್ನು ಇಷ್ಟು ಸಲ ನಿಂದಿಸಿದ್ದಾರೆ ಎಂದು ಅವರು ಅಂದು ಲೆಕ್ಕ ಕೊಟ್ಟರು. ಎರಡು ದಿನ ಮೊದಲು ಗದಗ ಜಿಲ್ಲೆಯಲ್ಲಿ ಕಾಂಗ್ರೆಸ್ ಅಧ್ಯಕ್ಷ ಮಲ್ಲಿಕಾರ್ಜುನ ಖರ್ಗೆ ಮೋದಿಯವರ ಬಗ್ಗೆ ವಿಷದ ಹಾವಿನ ಮಾತು ಆಡಿ, ಅದು ವ್ಯಕ್ತಿಗಲ್ಲ, ಸಿದ್ಧಾಂತಕ್ಕೆ ಹೇಳಿದ್ದು ಎಂದು ಸಮಜಾಯಿಷಿ ನೀಡಿದ್ದರು. ಖರ್ಗೆ ಹುಟ್ಟಿದ ವರವಟ್ಟಿ ಹುಮನಾಬಾದಿಗೆ ದೂರದ ಊರೇನಲ್ಲ, ಇದೇ ಬೀದರ್ ಜಿಲ್ಲೆಯ ಭಾಲ್ಕಿ ತಾಲ್ಲೂಕಿನದು. ಬೈಗುಳ ಹುಟ್ಟಿದ್ದೂ ಅದರ ಎಣಿಕೆ ನಡೆದದ್ದೂ ಒಂದೇ ವಾರದಲ್ಲಿ. ಆ ವಾರವೆಲ್ಲ ರಾಜ್ಯ ಅದನ್ನೇ ಮಾತಾಡಿತು.

ಚುನಾವಣಾ ಭಾಷಣವನ್ನೂ ಒಂದು ಕೃತಿಯಂತೆ ವಿಮರ್ಶಿಸಬೇಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ನನ್ನ ಅಳತೆಗೋಲು ಸರಳ: ಸಭೆ ಮುಗಿಸಿ ಮನೆಗೆ ಹೊರಟವನಿಗೆ ಮುಂದಿನ ವರ್ಷ ‘ಇದು ಆಯಿತೇ?’ ಎಂದು ಕೇಳಲು ಏನಾದರೂ ಸಿಕ್ಕಿತೇ? ಹುಮನಾಬಾದಿನ ಮೂಲಕ ಹೋಗುವ ಬೀದರ್–ಕಲಬುರಗಿ ರೈಲು ಮಾರ್ಗ ಅಂಥದೊಂದು ವಿಷಯ. ದಶಕಗಳ ಕಾಯುವಿಕೆಯ ನಂತರ 2017ರ ಅಕ್ಟೋಬರ್ 29ರಂದು ಮೋದಿಯವರೇ ಅದನ್ನು ಉದ್ಘಾಟಿಸಿದರು. ಹಳಿ ಕಣ್ಣಿಗೆ ಕಾಣುತ್ತದೆ, ರೈಲು ಬಂತೋ ಇಲ್ಲವೋ ಯಾರು ಬೇಕಾದರೂ ಹೇಳಬಲ್ಲರು. 2023ರಲ್ಲಿ ಕಾಂಗ್ರೆಸ್ ಮುಂದಿಟ್ಟ ಐದು ಗ್ಯಾರಂಟಿಗಳೂ ಈ ಪರೀಕ್ಷೆಯಲ್ಲಿ ಪಾಸಾಗುತ್ತವೆ. ಮನೆಯೊಡತಿಯ ಖಾತೆಗೆ ಎರಡು ಸಾವಿರ ರೂಪಾಯಿ ಜಮೆ ಆಯಿತೋ ಇಲ್ಲವೋ ಎಂಬುದನ್ನು ಆಕೆಯೇ ನೋಡಿ ಹೇಳುತ್ತಾಳೆ. ಆದರೆ ಹೈದರಾಬಾದಿಗೆ, ಪುಣೆಗೆ ದುಡಿಯಲು ಹೋಗುವ ಹುಡುಗನಿಗೆ ಇಲ್ಲೇ ಕೆಲಸ ಹೇಗೆ ಸಿಗುತ್ತದೆ ಎಂಬುದಕ್ಕೆ ಎರಡೂ ಕಡೆಯವರಿಂದ ಉತ್ತರ ಬರಲಿಲ್ಲ. 91 ಬೈಗುಳಗಳಿಂದಂತೂ ಆ ಹುಡುಗನಿಗೆ ಆಗಬೇಕಾದದ್ದು ಏನೂ ಇಲ್ಲ.

ಇನ್ನು ಇದೇ ಜಿಲ್ಲೆಯ ಬಸವಕಲ್ಯಾಣದ 2021ರ ಉಪಚುನಾವಣೆ. ಶಾಸಕ ಬಿ. ನಾರಾಯಣರಾವ್ 2020ರ ಸೆಪ್ಟೆಂಬರ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡಿದ್ದರಿಂದ ಸ್ಥಾನ ತೆರವಾಗಿತ್ತು. ನವೆಂಬರ್‌ನಲ್ಲಿ ಯಡಿಯೂರಪ್ಪ ಸರ್ಕಾರ 50 ಕೋಟಿ ರೂಪಾಯಿಯ ಮರಾಠಾ ಅಭಿವೃದ್ಧಿ ಪ್ರಾಧಿಕಾರ ಘೋಷಿಸಿತು. ಬೆನ್ನಲ್ಲೇ ವೀರಶೈವ ಲಿಂಗಾಯತ ಅಭಿವೃದ್ಧಿ ನಿಗಮ ಬಂತು. ಮರಾಠಾ ಮತದಾರರು ಹೆಚ್ಚಿರುವ ಕ್ಷೇತ್ರಕ್ಕೆ ಚುನಾವಣೆ ಬರುವ ಹೊತ್ತಿಗೇ ಈ ಘೋಷಣೆ ಏಕೆ ಎಂದು ಆಗಲೇ ಕೇಳಿದವರಿದ್ದರು. ಕನ್ನಡ ಸಂಘಟನೆಗಳು ಡಿಸೆಂಬರ್ 5ರಂದು ಬಂದ್ ಕರೆದವು. ಇಲ್ಲಿ ಮನೆಯಲ್ಲಿ ಮರಾಠಿ, ಸಂತೆಯಲ್ಲಿ ಕನ್ನಡ, ಗ್ಯಾರೇಜಿನಲ್ಲಿ ಉರ್ದು ಆಡುತ್ತ ಬದುಕುವ ಜನರ ಪಾಲಿಗೆ ಈ ಗದ್ದಲ ಹೊರಗಿನಿಂದ ಬಂದದ್ದು. 2021ರ ಜನವರಿ 6ರಂದು 500 ಕೋಟಿ ರೂಪಾಯಿಯ ನೂತನ ಅನುಭವ ಮಂಟಪಕ್ಕೆ ಅಡಿಗಲ್ಲು ಬಿತ್ತು. ಬಸವಣ್ಣನ ಊರಿಗೆ ಚುನಾವಣೆಯ ಕಾಲದಲ್ಲಿ ಬಾರದ ಪಕ್ಷವಿಲ್ಲ. 2018ರ ಚುನಾವಣೆಗೆ ಮುನ್ನ ರಾಹುಲ್ ಗಾಂಧಿಯೂ ಇಲ್ಲಿನ ಅನುಭವ ಮಂಟಪಕ್ಕೆ ಬಂದಿದ್ದರು. ಮಂಟಪ ಕಟ್ಟುವುದಕ್ಕೆ ನನ್ನ ತಕರಾರಿಲ್ಲ, ಅದು ಆಗಲೇಬೇಕು. ಜಾತಿಯ ಲೆಕ್ಕ ಹಾಕಿ ಟಿಕೆಟ್ ಹಂಚಿದವರು ಅದೇ ಬಾಯಲ್ಲಿ ಬಸವಣ್ಣನ ಹೆಸರು ಹೇಳುವುದು ನನಗೆ ನೋವು ತರುತ್ತದೆ.

ಆ ಉಪಚುನಾವಣೆಯಲ್ಲಿ ನಾನು ಕ್ಷಮಿಸಲಾರದ ಸಂಗತಿ ಬೇರೆಯೇ ಇದೆ. ಏಪ್ರಿಲ್ 10ರಿಂದ ಬೀದರ್ ನಗರದಲ್ಲಿ ರಾತ್ರಿ ಕರ್ಫ್ಯೂ ಜಾರಿಯಲ್ಲಿತ್ತು, ಎರಡನೇ ಅಲೆ ಏರುತ್ತಿತ್ತು. ಮತದಾನ ಏಪ್ರಿಲ್ 17ಕ್ಕೆ. ಕೋವಿಡ್ ಕೊಂಡೊಯ್ದ ಶಾಸಕನ ಸ್ಥಾನ ತುಂಬಲು ಅದೇ ಕೋವಿಡ್ ಹಬ್ಬುವ ದಿನಗಳಲ್ಲಿ ಎಲ್ಲ ಪಕ್ಷಗಳೂ ಜನ ಸೇರಿಸಿದವು. ಬಿಜೆಪಿಯ ಶರಣು ಸಲಗರ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಸೋತವರಾಗಲಿ ಗೆದ್ದವರಾಗಲಿ ಆ ಸಭೆಗಳ ಬಗ್ಗೆ ಜನರ ಮುಂದೆ ನಿಂತು ಉತ್ತರಿಸಬೇಕಿತ್ತು.

ಇದಕ್ಕಿಂತ ಸೂಕ್ಷ್ಮವಾದದ್ದು ನೋವಿನ ಬಳಕೆ. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣ ಸೀಮೆಯ ಗೋರಟಾದಲ್ಲಿ ನಿಜಾಮನ ಪರದ ರಜಾಕಾರರು ನಡೆಸಿದ ಹತ್ಯಾಕಾಂಡ ಈ ಜಿಲ್ಲೆಯ ಮನೆಮನೆಯ ನೆನಪು. ಆ ವರ್ಷ ಸೆಪ್ಟೆಂಬರ್ 17ಕ್ಕೆ ನಿಜಾಮ ಸಂಸ್ಥಾನ ಭಾರತದೊಳಗೆ ಬಂತು. ಗೋರಟಾಕ್ಕೆ ತಕ್ಕ ಸ್ಮಾರಕ ಬರಲು ಏಳು ದಶಕ ಮೀರಿದ್ದು ಆಳಿದವರೆಲ್ಲರ ತಪ್ಪು. 2023ರ ಮಾರ್ಚ್ 26ರಂದು ಅಮಿತ್ ಶಾ ಅದನ್ನು ಉದ್ಘಾಟಿಸಿದರು. ಕಟ್ಟಿದ್ದು ಸರಿ, ಆದರೆ ಮತದಾನಕ್ಕೆ ಎರಡು ತಿಂಗಳೂ ಇಲ್ಲದಾಗ ಅದು ಪ್ರಚಾರದ ವೇದಿಕೆಯಾದದ್ದು ಸರಿಯಲ್ಲ. ವರವಟ್ಟಿಯಲ್ಲಿ ರಜಾಕಾರರು ಹಚ್ಚಿದ ಬೆಂಕಿಗೆ ಖರ್ಗೆ ತಾಯಿಯನ್ನು ಕಳೆದುಕೊಂಡರು. 2024ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಚುನಾವಣೆಗೆ ಬಂದ ಯೋಗಿ ಆದಿತ್ಯನಾಥ್ ಆ ಸಾವನ್ನೇ ಎತ್ತಿ, ಮತಕ್ಕಾಗಿ ಖರ್ಗೆ ಅದನ್ನು ಮುಚ್ಚಿಡುತ್ತಿದ್ದಾರೆ ಎಂದರು. ಕೃತ್ಯ ಎಸಗಿದ್ದು ರಜಾಕಾರರು, ಇಡೀ ಮುಸ್ಲಿಂ ಸಮುದಾಯವಲ್ಲ ಎಂದು ಮಗ ಪ್ರಿಯಾಂಕ್ ಉತ್ತರಿಸಿದರು. ಈ ವಿವಾದದಲ್ಲಿ ನಾನು ಮಗನ ಕಡೆ, ಅವರ ಪಕ್ಷಕ್ಕಾಗಿ ಅಲ್ಲ. ತಾಯಿಯನ್ನು ಕಳಕೊಂಡವನು ಅದನ್ನು ಹೇಗೆ ನೆನೆಯಬೇಕು ಎಂದು ಬೇರೆಯವರು ಮೈಕಿನಲ್ಲಿ ಹೇಳಿಕೊಡಬಾರದು.

ಇಷ್ಟೆಲ್ಲ ಆದರೂ ಮತದಾರ ಯಾರ ಕೈಗೂ ಪೂರ್ತಿ ಸಿಗಲಿಲ್ಲ. 2023ರಲ್ಲಿ ರಾಜ್ಯ ಕಾಂಗ್ರೆಸ್ಸಿಗೆ 135 ಸ್ಥಾನ ಕೊಟ್ಟಾಗ ಬೀದರ್ ಜಿಲ್ಲೆ ಆರರಲ್ಲಿ ನಾಲ್ಕನ್ನು ಬಿಜೆಪಿಗೆ ಕೊಟ್ಟಿತು. ಬಸವಕಲ್ಯಾಣ, ಹುಮನಾಬಾದ್ ಎರಡೂ ಅದರಲ್ಲಿದ್ದವು. ಹುಮನಾಬಾದಿನ ಅಂತರ ಎರಡು ಸಾವಿರ ಮತವನ್ನೂ ಮುಟ್ಟಲಿಲ್ಲ. ಮರುವರ್ಷ ಬೀದರ್ ಲೋಕಸಭಾ ಕ್ಷೇತ್ರ ಕೇಂದ್ರ ಸಚಿವ ಭಗವಂತ ಖೂಬಾ ಅವರನ್ನು ಸೋಲಿಸಿ ಕಾಂಗ್ರೆಸ್ಸಿನ 26ರ ಹರೆಯದ ಸಾಗರ ಖಂಡ್ರೆಯನ್ನು ಕಳಿಸಿತು. ಜಾತಿಯ ಲೆಕ್ಕವೊಂದರಿಂದಲೇ ಈ ಎರಡೂ ಫಲಿತಾಂಶಗಳನ್ನು ವಿವರಿಸಲಾಗದು.

ಕಲ್ಯಾಣ ಕರ್ನಾಟಕ ಪಡೆದ ದೊಡ್ಡ ಹಕ್ಕು, ಈ ಭಾಗಕ್ಕೆ ವಿಶೇಷ ಸ್ಥಾನ ನೀಡುವ ಸಂವಿಧಾನದ 371(ಜೆ) ವಿಧಿ, ಯಾವ ಪ್ರಚಾರ ಸಭೆಯ ಕೊಡುಗೆಯೂ ಅಲ್ಲ. ವೈಜನಾಥ ಪಾಟೀಲರಂಥವರು ಚುನಾವಣೆ ಇಲ್ಲದ ವರ್ಷಗಳಲ್ಲೂ ಬಿಡದೆ ಹೋರಾಡಿದ್ದರ ಫಲ ಅದು. ಆ ಬಗೆಯ ಕೆಲಸಕ್ಕೆ ಊರಿನ ಹತ್ತಿರದ ವೇದಿಕೆ ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ. ಅವುಗಳ ಸದಸ್ಯರನ್ನು ನಾವು ಕೊನೆಗೆ ಆರಿಸಿದ್ದು 2016ರಲ್ಲಿ. ಅವಧಿ 2021ರಲ್ಲಿ ಮುಗಿಯಿತು. ಬಿಜೆಪಿ ಸರ್ಕಾರ ಹೋಗಿ ಕಾಂಗ್ರೆಸ್ ಸರ್ಕಾರ ಬಂತು, 2024ರ ಲೋಕಸಭಾ ಚುನಾವಣೆಯೂ ಮುಗಿಯಿತು, ಆ ಕುರ್ಚಿಗಳು ಮಾತ್ರ ಖಾಲಿಯೇ ಇದ್ದವು. ಮುಂದೆ ಯಾರೇ ಹುಮನಾಬಾದಿಗೆ, ಬಸವಕಲ್ಯಾಣಕ್ಕೆ ಮತ ಕೇಳಲು ಬರಲಿ, ಭಾಷಣ ಶುರುವಾಗುವ ಮೊದಲೇ ಈ ಕುರ್ಚಿಗಳ ವಿಚಾರ ಕೇಳಿರಿ.