‘ದೆಯ್ನೊಸ್’ ಎಂಬ ಗ್ರೀಕ್ ವಿಶೇಷಣದ ರೂಪಾರ್ಥವಿಚಾರ

ಗ್ರೀಕ್ ಭಾಷೆಯ ‘ದೆಯ್ನೊಸ್’ ಎಂಬ ವಿಶೇಷಣಕ್ಕೆ ನಿಘಂಟುಗಳು ಭಯಂಕರ, ಪೂಜ್ಯ, ಅದ್ಭುತ, ಚತುರ ಎಂದು ಪರಸ್ಪರ ದೂರವಾದ ಅರ್ಥಗಳನ್ನು ಕೊಡುವುವು. ಇವು ನಾಲ್ಕು ಅರ್ಥಗಳೋ, ಒಂದೇ ಅರ್ಥದ ನಾಲ್ಕು ಮುಖಗಳೋ ಎಂಬುದು ವಿಚಾರಾರ್ಹವಾದುದು. ಸೊಫೊಕ್ಲೀಸನ ‘ಅಂತಿಗೊನೆ’ ನಾಟಕದ ಪ್ರಸಿದ್ಧ ಮೇಳಗೀತದ ತಾತ್ಪರ್ಯವು ಈ ನಿರ್ಣಯವನ್ನೇ ಆಶ್ರಯಿಸಿರುವುದು.

ಪುಲ್ಲಿಂಗದಲ್ಲಿ ‘ದೆಯ್ನೊಸ್’, ಸ್ತ್ರೀಲಿಂಗದಲ್ಲಿ ‘ದೆಯ್ನೇ’, ನಪುಂಸಕದಲ್ಲಿ ‘ದೆಯ್ನೊನ್’ ಎಂದು ಇದರ ರೂಪಗಳು. ಸಂಸ್ಕೃತದ ‘ತರ’ ಪ್ರತ್ಯಯಕ್ಕೆ ಸೋದರವಾದ ಪ್ರತ್ಯಯವು ಸೇರಿದರೆ ‘ದೆಯ್ನೊತೆರೊಸ್’ ಆಗುವುದು. ಭಯವಾಚಕವಾದ ‘ದೆಒಸ್’ ಇದರ ಬಂಧು. ಪದದ ಆದಿಯಲ್ಲಿ ಹಿಂದೆ ‘ದ್ವ’ಕಾರವಿದ್ದಿತು. ‘ಇಲಿಯಡ್’ ಕಾವ್ಯದ ಮೂರನೆಯ ಸರ್ಗದಲ್ಲಿ ಹೆಲೆನಳು ಮಾವನಾದ ಪ್ರಿಯಾಮನನ್ನು ಸಂಬೋಧಿಸುವೆಡೆ, ಈ ಪದದ ಹಿಂದಿನ ಲಘುವು ಗುರುವಾಗಿ ನಿಲ್ಲುವುದು. ಒತ್ತಕ್ಷರದ ಹಿಂದಣ ಲಘುವು ಗುರುವಾಗುವ ನಿಯಮವನ್ನು ಬಲ್ಲ ಕನ್ನಡ ಛಂದೋವಿದರಿಗೆ ಇದು ಲುಪ್ತ ವಕಾರದ ಕುರುಹೆಂದು ಒಡನೆಯೇ ತಿಳಿಯುವುದು. ಅಲ್ಲಿ ಪದದ ಅರ್ಥ ‘ಪೂಜ್ಯ’. ಆದರೆ ಭಯವು ಅಳಿದಿಲ್ಲ, ಗೌರವದೊಳಗೆ ಅಡಗಿದೆ.

‘ಚತುರ’ ಎಂಬ ಅರ್ಥದಲ್ಲಿಯೂ ಹೀಗೆಯೇ. ಪ್ಲೇಟೋವಿನ ‘ಪ್ರೊತಾಗೊರಾಸ್’ ಸಂವಾದದಲ್ಲಿ, ಜ್ಞಾನಿಯನ್ನು ‘ದೆಯ್ನೊಸ್’ ಎಂದು ಹೊಗಳುವುದನ್ನು ಪ್ರೊದಿಕೊಸನು ಆಕ್ಷೇಪಿಸುವನೆಂದು ಸಾಕ್ರೆಟೀಸನು ಹೇಳುವನು: ರೋಗ, ಯುದ್ಧ, ದಾರಿದ್ರ್ಯಗಳಿಗೆ ಈ ಮಾತು ಸಲ್ಲುವುದೇ ಹೊರತು ಆರೋಗ್ಯ, ಶಾಂತಿ, ಐಶ್ವರ್ಯಗಳಿಗೆ ಸಲ್ಲದು. ಆಕ್ಷೇಪವು ವ್ಯುತ್ಪತ್ತಿಗೆ ಸರಿ, ಬಳಕೆಗೆ ಸರಿಯಲ್ಲ. ಕನ್ನಡಿಗರು ‘ಭಯಂಕರ ಬುದ್ಧಿವಂತ’ ಎನ್ನುವಾಗಲೂ ಎಲ್ಲೆ ಮೀರಿದ ಶಕ್ತಿಯ ಮುಂದೆ ಮನಸ್ಸು ಅಳುಕುವುದೇ ಮಾತಿನ ಮೂಲ. ಆ ಶಕ್ತಿಯ ಗುರಿ ಒಳ್ಳೆಯದಾದರೆ ಅದು ಶ್ಲಾಘ್ಯ, ಕೆಟ್ಟದಾದರೆ ಧೂರ್ತತನವೆಂದು ಅರಿಸ್ಟಾಟಲನು ‘ನಿಕೊಮಾಖಿಯನ್ ನೀತಿಶಾಸ್ತ್ರ’ದ ಆರನೆಯ ಭಾಗದಲ್ಲಿ ವಿವರಿಸುವನು.

ಕ್ರಿ. ಪೂ. 441ರ ಸುಮಾರಿನ ‘ಅಂತಿಗೊನೆ’ಯಲ್ಲಿ ಮೇಳವು ಮನುಷ್ಯನನ್ನು ಈ ಪದದಿಂದಲೇ ಅಳೆಯುವುದು. ಆತನು ಕಡಲನ್ನು ದಾಟಿದನು, ನೆಲವನ್ನು ಉತ್ತನು, ಮೃಗಗಳನ್ನು ಪಳಗಿಸಿದನು. ಸಾವೊಂದನ್ನು ಮಾತ್ರ ಮೀರಲಾರನು. ಇದೇ ಜಾಣ್ಮೆ ಆತನನ್ನು ಒಮ್ಮೆ ಒಳಿತಿಗೂ ಒಮ್ಮೆ ಕೇಡಿಗೂ ಒಯ್ಯುವುದೆಂಬುದೇ ಗೀತದ ಕೊನೆ. ಇಂಗ್ಲಿಷಿನ ಹಲವು ಅನುವಾದಗಳಂತೆ ಇಲ್ಲಿ ಕೇವಲ ‘ಅದ್ಭುತ’ವೆಂದರೆ ಗೀತವು ಮಾನವಸ್ತುತಿಯಾಗಿ, ಕೊನೆಯ ಎಚ್ಚರಿಕೆ ಅಕಾರಣವೆನಿಸುವುದು, ಕೇವಲ ‘ಭಯಂಕರ’ವೆಂದರೆ ಸಾಧನೆಗಳ ಹೊಗಳಿಕೆ ವ್ಯರ್ಥವಾಗುವುದು.

ಭರತನು ಭಯಾನಕಾದ್ಭುತಗಳನ್ನು ಎರಡು ರಸಗಳಾಗಿ ಎಣಿಸಿದನು. ಗ್ರೀಕ್ ಪದವು ಎರಡನ್ನೂ ಒಂದೇ ಉಸಿರಿನಲ್ಲಿ ನುಡಿಯುವುದು. ಗೀತವನ್ನು ಕನ್ನಡಿಸುವವರು ಎರಡರಲ್ಲೊಂದನ್ನು ಆರಿಸಿಕೊಳ್ಳದೆ, ‘ಉಗ್ರ’ದಂತೆ ಬೆರಗು ಬೆದರಿಕೆಗಳೆರಡನ್ನೂ ಹೊರಬಲ್ಲ ಮಾತನ್ನು ಅರಸುವುದು ಯುಕ್ತ.