ಒಂದೇ ಮನಿಯವರು ಅನ್ರಿ

ಕಲಬುರಗಿಯ ಹುಮನಾಬಾದ್ ರಿಂಗ್ ರೋಡಿನಲ್ಲಿ ಸಂಜೆ ಏಳರ ಹೊತ್ತಿಗೆ ಕ್ರೂಸರ್ ಗಾಡಿ ತುಂಬುತ್ತದೆ. 'ಮಹಾಗಾಂವ ಕ್ರಾಸ್, ಕುರಿಕೋಟಾ, ಕಮಲಾಪುರ' ಎಂದು ಕೂಗುವ ಹುಡುಗನ ಲೆಕ್ಕದಲ್ಲಿ ನಾವೆಲ್ಲ ಸೀಟುಗಳು. 'ಇನ್ನ ಎರಡ್ ಸೀಟ್ ಬಂದ್ರ ಬಿಡ್ತೀವ್ರಿ' ಅನ್ನುತ್ತಾನೆ. ಶರಣಬಸಪ್ಪನ ಜಾತ್ರೆ ಮುಗಿಯುತ್ತ ಬಂದಿದ್ದ ಒಂದು ದಿನ ನಾನೂ ಹಾಗೊಂದು ಸೀಟಾಗಿ ಕೂತಿದ್ದೆ. ಎದುರಿಗೆ ಕಮಲಾಪುರದ ಕೆಂಪು ಬಾಳೆ ಮಾರಿ ಮನೆಗೆ ಹೊರಟ ಹೆಣ್ಣುಮಗಳು, ಅವಳ ಕಾಲ ನಡುವೆ ಖಾಲಿ ಬುಟ್ಟಿ. ಪಕ್ಕದಲ್ಲಿ ಎಕ್ಸ್‌ರೇ ಲಕೋಟೆ ಹಿಡಿದ ಮುದುಕ, ಹಿಂದೆ ಕಾಲೇಜಿನ ಹುಡುಗರು. ಮಹಾಗಾಂವ ಕ್ರಾಸ್ ಇನ್ನೂ ಬಂದಿರಲಿಲ್ಲ. ಚಾಲಕನ ಫೋನು ಬಡಿಯಿತು. ಅವನು ಗಾಡಿ ನಿಧಾನ ಮಾಡಿ ಹಿಂದೆ ತಿರುಗಿದ: 'ಮುಂದ ಚೆಕಿಂಗ್ ಅದ. ಯಾರರೆ ಕೇಳಿದ್ರ ಎಲ್ಲಾರೂ ಒಂದೇ ಮನಿಯವರು, ಮದಿವಿ ಮುಗಿಸ್ಕೊಂಡು ಹೊಂಟೀವಿ ಅನ್ರಿ.'

ಯಾರೂ ಯಾಕೆ ಎಂದು ಕೇಳಲಿಲ್ಲ. ಈ ಮಾತು ಎಲ್ಲರಿಗೂ ಗೊತ್ತಿತ್ತು.

ಇದು ಚಾಲಕ ಕಟ್ಟಿದ ಕತೆಯಲ್ಲ, 1988ರ ಮೋಟಾರು ವಾಹನ ಕಾಯ್ದೆ ಅವನಿಂದ ಕಟ್ಟಿಸಿದ ಕತೆ. ಕಾಯ್ದೆಯ ಪ್ರಕಾರ ಜನರನ್ನು ಸಾಗಿಸುವ ಬಾಡಿಗೆ ಗಾಡಿಗಳಲ್ಲಿ ಎರಡು ಬಗೆ. ಊರೂರಿಗೆ ನಿಂತು, ತಲೆಗಿಷ್ಟು ಎಂದು ಟಿಕೆಟ್ ಪಡೆದು, ಆರಕ್ಕಿಂತ ಹೆಚ್ಚು ಜನರನ್ನು ಒಯ್ಯುವುದು ಮಜಲು ವಾಹನ. ಇಡೀ ಗಾಡಿಯನ್ನು ಒಂದು ಒಪ್ಪಂದಕ್ಕೆ ಬಾಡಿಗೆ ಹಿಡಿದು, ನಡುವೆ ಯಾರನ್ನೂ ಹತ್ತಿಸದೆ ಇಳಿಸದೆ ಹೋಗುವುದು ಒಪ್ಪಂದ ವಾಹನ. ಹನ್ನೆರಡು ಸೀಟಿನವರೆಗಿನ ಮ್ಯಾಕ್ಸಿಕ್ಯಾಬನ್ನು ಕಾಯ್ದೆ ಎರಡನೆಯ ಬಗೆಗೆ ಸೇರಿಸಿದೆ. ಹಾಗಾಗಿ ಅಪರಿಚಿತರು ಹನ್ನೆರಡು ಮಂದಿ ಬೇರೆ ಬೇರೆ ಹಣ ಕೊಟ್ಟು ಕೂತರೆ ಗಾಡಿಗೆ ಪರ್ಮಿಟ್ ಉಲ್ಲಂಘನೆಯ ಕೇಸು ಬೀಳಬಹುದು, ಅದೇ ಹನ್ನೆರಡು ಮಂದಿ ಮದುವೆಯ ದಿಬ್ಬಣವಾದರೆ ಗಾಡಿ ಸಾಚಾ. ಗಾಡಿ, ರಸ್ತೆ, ವೇಗ ಯಾವುದೂ ಬದಲಾಗಿಲ್ಲ. ಬದಲಾದದ್ದು ಒಳಗಿನವರ ನಂಟು ಮಾತ್ರ. ಪರ್ಮಿಟ್ಟಿಗೆ ಸರ್ಕಾರಿ ಕನ್ನಡದಲ್ಲಿ ರಹದಾರಿ ಅನ್ನುತ್ತಾರೆ. ಉರ್ದು ಬೆರೆತ ನಮ್ಮ ಕಡೆ ರಾಹ್ ಅಂದರೆ ದಾರಿ ಎಂದು ಮಕ್ಕಳಿಗೂ ಗೊತ್ತು. ಆದರೆ ದಾರಿ ಯಾರಿಗೆ ಬೇಕಾಗಿದೆ ಎಂದು ರಹದಾರಿಯ ಕಾಗದ ಕೇಳುವುದಿಲ್ಲ. ಈ ಕಾನೂನಿನ ಬಗ್ಗೆ ನನ್ನ ಮೊದಲ ತಕರಾರೇ ಅದು.

ಈ ಭಾಗದಲ್ಲಿ ಬಸ್ಸೆಂದರೆ ಸರ್ಕಾರದ್ದು ಎಂಬ ಭಾವನೆ ಹಳೆಯದು. 1932ರಲ್ಲಿ ನಿಜಾಮರ ರೈಲ್ವೆಯೇ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆಗೆ ಇಳಿದಿತ್ತು. ಇಂದಿನ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮಕ್ಕೆ ಆ ನೆನಪಿನ ಬಲವಿದೆ, ಕಾಯ್ದೆಯ 6ನೇ ಅಧ್ಯಾಯದ ಬಲವೂ ಇದೆ. ಒಂದು ಮಾರ್ಗವನ್ನು ಸರ್ಕಾರ ಸ್ಕೀಮಿಗೆ ಸೇರಿಸಿತೆಂದರೆ ಅಲ್ಲಿ ಖಾಸಗಿಯವರಿಗೆ ಮಜಲು ವಾಹನದ ಪರ್ಮಿಟ್ ಸಿಗುವುದು ಆ ಸ್ಕೀಮು ಒಪ್ಪಿದಷ್ಟು ಮಾತ್ರ. ನಾನು ಇದನ್ನು ಸುಮ್ಮನೆ ವಿರೋಧಿಸುವವನಲ್ಲ. ಪಾಸು ಹಿಡಿದ ವಿದ್ಯಾರ್ಥಿಯನ್ನೂ 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಹೆಂಗಸರನ್ನೂ ಹತ್ತಿಸಿಕೊಳ್ಳುವುದು ನಿಗಮದ ಬಸ್ಸು. ಲಾಭದ ಮಾರ್ಗವನ್ನೆಲ್ಲ ಖಾಸಗಿಯವರು ಕೆನೆಯಂತೆ ತೆಗೆದುಕೊಂಡರೆ ತಾಂಡಾಗಳಿಗೆ ಹೋಗುವ ಬಸ್ಸು ನಿಂತೇ ಹೋಗುತ್ತದೆ.

ಕರ್ನಾಟಕ ಇದಕ್ಕಿಂತ ಮುಂದೆ ಹೋಗಿದ್ದೂ ಉಂಟು. ಖಾಸಗಿಯವರು ಒಪ್ಪಂದ ವಾಹನದ ಪರ್ಮಿಟ್ಟಿನಲ್ಲಿ ನಿತ್ಯದ ಬಸ್ಸು ಓಡಿಸುತ್ತಾರೆಂಬ ದೂರಿನ ಮೇಲೆ 1976ರಲ್ಲಿ ಆ ಗಾಡಿಗಳನ್ನೇ ಸ್ವಾಧೀನ ಮಾಡಿಕೊಳ್ಳುವ ಕಾಯ್ದೆ ತಂದಿತು. 1977ರಲ್ಲಿ ರಂಗನಾಥ ರೆಡ್ಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. 1988ರ ಕೇಂದ್ರ ಕಾಯ್ದೆ ಬಂದ ಮೇಲೂ ಅದು ಉಳಿಯುತ್ತದೆ ಎಂದು 1990ರಲ್ಲಿ ವಿಜಯಕುಮಾರ ಶರ್ಮ ಪ್ರಕರಣದಲ್ಲಿ ಬಹುಮತದ ತೀರ್ಪು ಬಂತು. 2003ರಲ್ಲಿ ರಾಜ್ಯವೇ ಅದನ್ನು ರದ್ದು ಮಾಡಿತು. ಆ ರದ್ದತಿಯೂ ಎರಡು ದಶಕ ಕೋರ್ಟುಗಳಲ್ಲಿ ಸುತ್ತಿ, 2025ರ ಫೆಬ್ರುವರಿ 4ರಂದು ಎಸ್‌ಆರ್‌ಎಸ್ ಟ್ರಾವೆಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನಿಂದ ಸಿಂಧು ಎನಿಸಿಕೊಂಡಿತು. ಒಪ್ಪಂದ, ಪ್ರವಾಸಿ, ತಾತ್ಕಾಲಿಕ ಪರ್ಮಿಟ್ಟುಗಳನ್ನು ರಾಜ್ಯ ಸಾರಿಗೆ ಪ್ರಾಧಿಕಾರದ ಕಾರ್ಯದರ್ಶಿಯೇ ಕೊಡಬಹುದು ಎಂಬುದಕ್ಕೂ ಆ ತೀರ್ಪು ಒಪ್ಪಿಗೆ ಕೊಟ್ಟಿತು.

ಕಾನೂನಿನ ಮಟ್ಟಿಗೆ ಈ ತೀರ್ಪು ಸರಿಯೆಂದೇ ನನ್ನ ಅಭಿಪ್ರಾಯ. ಕಾಯ್ದೆ ಮಾಡಿದ ಶಾಸನಸಭೆಗೆ ಅದನ್ನು ತೆಗೆಯುವ ಅಧಿಕಾರವೂ ಇರಲೇಬೇಕು. ಆದರೆ ಕಮಲಾಪುರದ ರಸ್ತೆಬದಿಯಲ್ಲಿ ನಿಂತು ಓದಿದರೆ ಇದೇ ತೀರ್ಪು ಬೇರೆಯಾಗಿ ಕಾಣುತ್ತದೆ. ರಾತ್ರಿ ಈ ಊರನ್ನು ಸೀಳಿಕೊಂಡು ಹೋಗುವ ಸ್ಲೀಪರ್ ಕೋಚಿಗೆ ಒಬ್ಬ ಅಧಿಕಾರಿಯ ಸಹಿ ಸಾಕು. ಅಖಿಲ ಭಾರತ ಪ್ರವಾಸಿ ಪರ್ಮಿಟ್ ಆದರೆ 2023ರ ನಿಯಮದಂತೆ ಏಳು ದಿನದಲ್ಲಿ ತೀರ್ಮಾನವಾಗದಿದ್ದರೂ ಸಿಕ್ಕಿತೆಂದೇ ಲೆಕ್ಕ. ಮಹಾಗಾಂವದಿಂದ ಕಮಲಾಪುರಕ್ಕೆ ಜನರನ್ನು ಮುಟ್ಟಿಸುವ ಗಾಡಿ ಮಾತ್ರ ಇನ್ನೂ ಮದುವೆಯ ಕತೆ ಹೇಳಬೇಕು.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಬದಲಾವಣೆ. ಅದರ ಬಗ್ಗೆ ವಕೀಲರೂ ಮಾತಾಡಿದ್ದನ್ನು ನಾನು ಕೇಳಿಲ್ಲ. 1939ರ ಹಳೆಯ ಕಾಯ್ದೆಯ 47ನೇ ಕಲಮು ಪರ್ಮಿಟ್ ಕೊಡುವಾಗ ಸಾರ್ವಜನಿಕರ ಹಿತ, ಈಗಿರುವ ಸೇವೆ ಸಾಲುತ್ತದೆಯೇ ಎಂಬುದು, ಸ್ಥಳೀಯ ಸಂಸ್ಥೆಗಳ ಅಹವಾಲು ಎಲ್ಲವನ್ನೂ ಪರಿಗಣಿಸಬೇಕೆಂದು ಬಿಡಿಸಿ ಹೇಳಿತ್ತು. ಅದರ ಜೊತೆಗೆ, ಆಗಲೇ ಇದ್ದ ಬಸ್ ಮಾಲೀಕರೂ ಹೊಸಬರಿಗೆ ಅಡ್ಡಿ ಹಾಕಬಹುದಿತ್ತು. ಅವರು ಆ ಹಕ್ಕನ್ನು ಹಿಡಿದು ವರ್ಷಗಟ್ಟಲೆ ಪರ್ಮಿಟ್ ತಡೆಯುತ್ತಿದ್ದರು. 1988ರ ಕಾಯ್ದೆ ಆ ಹಕ್ಕನ್ನು ಕಿತ್ತುಹಾಕಿತು, ಮಿಥಿಲೇಶ್ ಗರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಉದಾರತೆಯನ್ನು ಸ್ವಾಗತಿಸಿತು. ಮಾಲೀಕರ ಕಿರುಕುಳ ಹೋದದ್ದು ಒಳ್ಳೆಯದೇ. ಆದರೆ ಕಳೆ ಕೀಳುವಾಗ ಬೆಳೆಯೂ ಬಂತು. ಈಗಿನ 71ನೇ ಕಲಮು ಕಾಯ್ದೆಯ ಉದ್ದೇಶಗಳನ್ನು ಗಮನದಲ್ಲಿಡಿ ಅನ್ನುತ್ತದೆ, ಊರಿನವರನ್ನು ಕೇಳಿ ಅನ್ನುವುದಿಲ್ಲ. ಪರ್ಮಿಟ್ಟಿನ ವ್ಯಾಜ್ಯ ಅಂದಿನಿಂದ ಮಾಲೀಕ, ನಿಗಮ, ಪ್ರಾಧಿಕಾರ ಈ ಮೂವರದ್ದಾಯಿತು. ಹತ್ತುವವನಿಗೆ ಅದರಲ್ಲಿ ಜಾಗವಿಲ್ಲ.

ಜಾಗವಿದ್ದರೂ ಅವನು ಹೋಗುವುದೆಲ್ಲಿಗೆ? ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಆದೇಶದ ಮೇಲ್ಮನವಿ ಬೆಂಗಳೂರಿನ ನ್ಯಾಯಮಂಡಳಿಗೆ ಹೋಗಬೇಕು. ಹೈಕೋರ್ಟಿನ ಪೀಠ 2008ರಲ್ಲೇ ಕಲಬುರಗಿಗೆ ಬಂದು 2013ರಲ್ಲಿ ಕಾಯಂ ಆಗಿದೆ, ಅದರ ಕೆಳಗಿನ ಮೆಟ್ಟಿಲು ಮಾತ್ರ ರಾಜಧಾನಿಯಲ್ಲಿದೆ.

ಅವತ್ತು ಚೆಕಿಂಗಿನಲ್ಲಿ ಟಾರ್ಚ್ ಹಿಡಿದ ಅಧಿಕಾರಿ ಬಾಳೆಹಣ್ಣಿನವಳನ್ನೇ ಮೊದಲು ಕೇಳಿದರು: 'ಎಲ್ಲಿಗಿ ಹೋಗಿದ್ದಿ ಯವ್ವಾ?' ಅವಳು ಸೆರಗು ಸರಿಮಾಡಿಕೊಂಡು, 'ಹಣ್ಣ ಮಾರ್ಲಾಕ್ರಿ' ಅಂದಳು. ಸುಳ್ಳು ಅವಳ ಬಾಯಿಗೆ ಬರಲಿಲ್ಲ. ಗಾಡಿ ಪಕ್ಕಕ್ಕೆ ಹೋಯಿತು. 2019ರ ತಿದ್ದುಪಡಿಯಿಂದ ಮೂಲ ಕಾಯ್ದೆಯಲ್ಲಿ ಪರ್ಮಿಟ್ ತಪ್ಪಿಗೆ ಹತ್ತು ಸಾವಿರ ರೂಪಾಯಿ ದಂಡವಿದೆ, ಜೈಲೂ ಇದೆ. ನಾವೆಲ್ಲ ಇಳಿದೆವು. 207ನೇ ಕಲಮು ಗಾಡಿ ಹಿಡಿಯುವ ಅಧಿಕಾರ ಕೊಟ್ಟು, ಹಿಡಿದ ಗಾಡಿಯನ್ನು ಸುರಕ್ಷಿತವಾಗಿಡಲು ವ್ಯವಸ್ಥೆ ಮಾಡಿ ಎಂದು ಹೇಳುತ್ತದೆ. ಗಾಡಿಯಿಂದ ಇಳಿದವರ ಸುರಕ್ಷತೆಯ ಮಾತು ಆ ಕಲಮಿನಲ್ಲಿ ಬಂದಿಲ್ಲ. ಎಕ್ಸ್‌ರೇ ಹಿಡಿದ ಮುದುಕ ಕತ್ತಲಲ್ಲಿ ಒಂದು ಕಲ್ಲು ಹುಡುಕಿ ಅದರ ಮೇಲೆ ಕೂತ.

ಅಧಿಕಾರಿ ತಮ್ಮ ಕೆಲಸ ಮಾಡಿದರು, ಅದರಲ್ಲಿ ತಪ್ಪಿಲ್ಲ. ತಪಾಸಣೆಯೇ ಬೇಡ ಎಂದು ಕಮಲಾಪುರದವರು ಯಾರೂ ಹೇಳಲಾರರು. 2022ರ ಜೂನ್ 3ರ ಬೆಳಿಗ್ಗೆ ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸು ಇದೇ ಊರ ಹೊರಗೆ ಸರಕು ಗಾಡಿಗೆ ಡಿಕ್ಕಿಯಾಗಿ ಹೊತ್ತಿ ಉರಿದು ಕನಿಷ್ಠ ಏಳು ಮಂದಿ ಸುಟ್ಟುಹೋದರು. ಪರ್ಮಿಟ್ ಇಲ್ಲದ ಗಾಡಿಯ ಅಪಘಾತದಲ್ಲಿ ವಿಮೆ ಕಂಪನಿ ಪರಿಹಾರ ಕೊಟ್ಟು ಮಾಲೀಕನಿಂದ ವಸೂಲು ಮಾಡಬಹುದು ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕ್ರೂಸರ್ ಮಾಲೀಕನ ಮನೆ ಮುಳುಗಲು ಅಂಥ ಒಂದು ಅಪಘಾತ ಸಾಕು. ಗಾಡಿಯ ಬ್ರೇಕು, ಬಾಗಿಲು, ಸೀಟಿನ ಲೆಕ್ಕ ಎಲ್ಲ ಕಟ್ಟುನಿಟ್ಟಾಗಿ ನೋಡಲಿ. ಅದಕ್ಕಾಗಿಯೇ ಈ ಗಾಡಿಗಳನ್ನು ಕದ್ದು ಓಡಿಸುವ ಸ್ಥಿತಿಯಿಂದ ಹೊರತರಬೇಕು.

ಅದಕ್ಕೆ ಹೊಸ ಕಾಯ್ದೆಯೇನೂ ಬೇಡ. 2019ರ ತಿದ್ದುಪಡಿ 67ನೇ ಕಲಮಿಗೆ ಮೂರನೆಯ ಉಪಕಲಮು ಸೇರಿಸಿದೆ. ಗ್ರಾಮೀಣ ಸಾರಿಗೆಗೆ, ಕೊನೆಯ ಮೈಲಿಯ ಸಂಪರ್ಕಕ್ಕೆ ರಾಜ್ಯ ಸರ್ಕಾರ ಪರ್ಮಿಟ್ ಷರತ್ತು ಸಡಿಲಿಸಿ ಯೋಜನೆ ಮಾಡಬಹುದು. ಸಂಜೆ ಆರರ ನಂತರ ನಿಗಮದ ಬಸ್ಸು ಇಲ್ಲದ ಹೊತ್ತಿಗೆ ಮಾತ್ರ, ಸೀಟಿಗೆ ನಿಗದಿ ದರದಲ್ಲಿ, ವಿಮೆ ಇರುವ ಮ್ಯಾಕ್ಸಿಕ್ಯಾಬಿಗೆ ಕಮಲಾಪುರದ ಮಾರ್ಗವನ್ನು ಬಿಟ್ಟುಕೊಡುವುದು ಕಷ್ಟವಲ್ಲ. ಯಾವ ಹೊತ್ತಿಗೆ ಬಸ್ಸಿಲ್ಲ ಎಂಬುದನ್ನು ಮಹಾಗಾಂವದವರನ್ನೂ ಕುರಿಕೋಟಾದವರನ್ನೂ ಕೇಳಿ ಬರೆದುಕೊಳ್ಳಬೇಕು, ಅಷ್ಟೇ.

ಒಂಬತ್ತರ ಸುಮಾರಿಗೆ ಒಂದು ಬಸ್ಸಿನ ದೀಪ ಕಂಡಿತು. ಕೈ ಮಾಡಿದೆವು, ನಿಂತಿತು. ಬಾಳೆಹಣ್ಣಿನವಳು ಬುಟ್ಟಿಯನ್ನು ಮೊದಲು ಮೇಲಿಟ್ಟು ಹತ್ತಿದಳು. ಮುದುಕನಿಗೆ ಯಾರೋ ಸೀಟು ಬಿಟ್ಟರು. 'ದಿನಾ ಈ ಹೊತ್ತಿಗಿ ಬರ್ತದೇನ್ರಿ ಇದು?' ಎಂದು ಅವಳು ಕಂಡಕ್ಟರನನ್ನು ಕೇಳಿದಳು.

'ಇಲ್ಲವ್ವಾ' ಅಂದ ಅವನು, 'ಇದು ಜಾತ್ರಿ ಸ್ಪೆಷಲ್.'