ಮಾತಿಲ್ಲದ ವಾದ್ಯ, ಮಾತು ಬಿಡದ ಮನೆತನ

ಕರ್ನಾಟಕ ಸಂಗೀತದಲ್ಲಿ ಕೊಳಲಿನ ಕಥೆ ಹೇಳುವವರು ಸಾಮಾನ್ಯವಾಗಿ ಒಂದೇ ದಾರಿ ಹಿಡಿಯುತ್ತಾರೆ. ಕುಂಭಕೋಣದ ಶರಭಶಾಸ್ತ್ರಿ ಕೊಳಲನ್ನು ಕಚೇರಿಯ ವಾದ್ಯ ಮಾಡಿದರು, ಅವರ ಶಿಷ್ಯ ಪಲ್ಲಡಂ ಸಂಜೀವರಾವ್ ಅದನ್ನು ಜನಪ್ರಿಯಗೊಳಿಸಿದರು, ಟಿ.ಆರ್. ಮಹಾಲಿಂಗಂ, ಅಂದರೆ ಮಾಲಿ, ಅದರ ನುಡಿಗಾರಿಕೆಯನ್ನೇ ಬದಲಿಸಿಬಿಟ್ಟರು. ಈ ಕಥೆಯಲ್ಲಿ ಟಿ. ವಿಶ್ವನಾಥನ್ ಅವರಿಗೆ ಸಿಗುವುದು ಒಂದೆರಡು ಸಾಲು: ಒಳ್ಳೆಯ ವಿದ್ವಾಂಸರು, ಅಮೆರಿಕಕ್ಕೆ ಹೋಗಿ ಮೇಷ್ಟರಾದರು. 1927ರಲ್ಲಿ ಹುಟ್ಟಿದ ಅವರು ಮಾಲಿಗಿಂತ ಒಂದೇ ವರ್ಷ ಚಿಕ್ಕವರು. ಹೋಲಿಕೆ ತಪ್ಪುವಂತೆಯೇ ಇರಲಿಲ್ಲ. ಆದರೆ ಈ ಅಳತೆಗೋಲೇ ಅವರಿಗೆ ಹೊಂದುವುದಿಲ್ಲ ಎಂಬುದು ನನ್ನ ವಾದ. ವಿಶ್ವನಾಥನ್ ಸೇರಿದ್ದು ಹಾಡಿನ ಪರಂಪರೆಗೆ. ಆ ಪರಂಪರೆ ಅವರ ಕೈಗೆ ಕೊಳಲು ಕೊಟ್ಟಿತ್ತು, ಅಷ್ಟೆ. ಅವರ ವಿಶ್ವವಿದ್ಯಾಲಯದ ವೃತ್ತಿಯನ್ನು ವೇದಿಕೆಯಿಂದ ಪಡೆದ ನಿವೃತ್ತಿ ಎಂದು ಓದಿದರೆ ಆ ಪರಂಪರೆಯ ಮುಖ್ಯ ಸಂಗತಿಯೇ ಕೈತಪ್ಪುತ್ತದೆ.

ಅವರ ಅಜ್ಜಿ ವೀಣೆ ಧನಮ್ಮಾಳ್. ಮದರಾಸಿನ ತಮ್ಮ ಮನೆಯಲ್ಲಿ ಶುಕ್ರವಾರದ ಸಂಜೆ ಅವರು ವೀಣೆ ನುಡಿಸುತ್ತಿದ್ದರೆ, ಜೊತೆಗೇ ಮೆಲುದನಿಯಲ್ಲಿ ಹಾಡಿಕೊಳ್ಳುತ್ತಿದ್ದರು. ಕ್ಷೇತ್ರಯ್ಯನ ಪದಗಳು, ಜಾವಳಿಗಳು, ದೀಕ್ಷಿತರ ಕೃತಿಗಳು ಈ ಮನೆತನದ ಆಸ್ತಿ. ಅವನ್ನು ಕಾಪಾಡಿದ್ದು ನಿಧಾನಗತಿ ಮತ್ತು ಸಾಹಿತ್ಯದ ಮೇಲಿನ ಹಿಡಿತ. ತಾಯಿ ಜಯಮ್ಮಾಳ್ ಗಾಯಕಿ, ಅಕ್ಕ ಬಾಲಸರಸ್ವತಿ ನರ್ತಕಿ, ಅಣ್ಣ ರಂಗನಾಥನ್ ಮೃದಂಗವಾದಕ. ಗುರು ತಿರುಪ್ಪಾಂಬುರಂ ಸ್ವಾಮಿನಾಥ ಪಿಳ್ಳೈ ನಾಗಸ್ವರದ ಮನೆಯಿಂದ ಬಂದವರು. ಇಂಥ ಮನೆಯ ಹುಡುಗನ ಕೈಗೆ ಕೊಳಲು ಬಂದರೆ ಒಂದು ಪೇಚು ಎದುರಾಗುತ್ತದೆ. ವೀಣೆ ನುಡಿಸುವವರು ಬೆರಳಾಡಿಸುತ್ತಲೇ ಹಾಡಬಹುದು. ಕೊಳಲು ಬಾಯನ್ನೇ ಕಟ್ಟಿಹಾಕುತ್ತದೆ. ಇದಕ್ಕೆ ವಿಶ್ವನಾಥನ್ ಕಂಡುಕೊಂಡ ಉಪಾಯ ಕಚೇರಿಗೆ ಬಂದವರಿಗೆಲ್ಲ ಗೊತ್ತಿದ್ದದ್ದು: ನಡುವೆ ಕೊಳಲನ್ನು ತುಟಿಯಿಂದ ತೆಗೆದು ಹಾಡುವುದು, ಮತ್ತೆ ಊದುವುದು. ಇದನ್ನು ವಾದ್ಯದ ಮೇಲಿನ ಹಿಡಿತ ಸಾಲದ್ದರ ಗುರುತು ಎನ್ನುವವರು ಇರಬಹುದು. ಆದರೆ ಧನಮ್ಮಾಳ್ ಏಕಕಾಲಕ್ಕೆ ಮಾಡುತ್ತಿದ್ದುದನ್ನೇ ಮೊಮ್ಮಗ ಒಂದಾದ ಮೇಲೊಂದರಂತೆ ಮಾಡಿದರು ಎಂದು ನೋಡಿದರೆ ಆ ನಡೆ ಮನೆಯ ಶೈಲಿಯ ನೇರ ಮುಂದುವರಿಕೆಯಾಗಿ ಕಾಣುತ್ತದೆ.

ಇದು ಊದುವ ರೀತಿಯಲ್ಲೇ ಏನು ವ್ಯತ್ಯಾಸ ತರುತ್ತದೆ? ವ್ಯಾಸರಾಯರದೆಂದು ಪ್ರಸಿದ್ಧವಾದ, ನಮ್ಮೆಲ್ಲರಿಗೂ ಪರಿಚಿತವಾದ ‘ಕೃಷ್ಣಾ ನೀ ಬೇಗನೆ ಬಾರೋ’ ತೆಗೆದುಕೊಳ್ಳಿ. ಸ್ವರಗಳನ್ನಷ್ಟೇ ಲೆಕ್ಕಕ್ಕಿಟ್ಟುಕೊಂಡ ವಾದಕ ಉಸಿರು ಮುಗಿದಲ್ಲಿ ನಿಲ್ಲಿಸುತ್ತಾನೆ. ಆ ನಿಲುಗಡೆ ‘ಬೇ’ಗೂ ‘ಗನೆ’ಗೂ ನಡುವೆ ಬಿದ್ದರೆ ಯಮುನಾಕಲ್ಯಾಣಿ ರಾಗಕ್ಕೆ ಧಕ್ಕೆಯೇನೂ ಇಲ್ಲ, ಆದರೆ ಕೃಷ್ಣನನ್ನು ಕರೆಯುವ ತಾಯಿ ಮಾಯವಾಗುತ್ತಾಳೆ. ಸಾಹಿತ್ಯ ಗೊತ್ತಿದ್ದವನು ನಾಲಿಗೆಯ ಹೊಡೆತವನ್ನು ‘ಬೇ’ ಮೇಲಿಟ್ಟು, ‘ಬಾರೋ’ ಮುಗಿಯುವವರೆಗೆ ಉಸಿರು ಉಳಿಸಿಕೊಂಡಿರುತ್ತಾನೆ. ಮಾಲಿ ಬೆರಳು ಮತ್ತು ತುಟಿಗಳ ಹೊಸ ಬಳಕೆಯಿಂದ ಗಮಕವನ್ನು ಕಂಠದ ಸನಿಹಕ್ಕೆ ತಂದರು. ಅದರ ಹಿರಿಮೆಯನ್ನು ಯಾರೂ ಅಲ್ಲಗಳೆಯಲಾರರು. ವಿಶ್ವನಾಥನ್ ಅವರ ಕಾಳಜಿ ಅದರ ಪಕ್ಕದ್ದು: ಮಾತು ಎಲ್ಲಿ ಮುರಿಯಬೇಕು, ಎಲ್ಲಿ ಮುರಿಯಬಾರದು. ಅಕ್ಕನ ನೃತ್ಯಕ್ಕೆ ಕೊಳಲು ನುಡಿಸಿದವರಿಗೆ ಈ ಎಚ್ಚರ ಅನಿವಾರ್ಯ. ಒಂದೇ ಸಾಲಿಗೆ ಬಾಲಸರಸ್ವತಿ ಹತ್ತು ಬಗೆಯ ಅಭಿನಯ ಹಿಡಿಯುವಾಗ ಕೊಳಲು ಪ್ರತಿ ಸಲವೂ ಆ ಸಾಲಿನ ಪದವಿಭಾಗದೊಳಗೇ ಓಡಾಡಬೇಕು.

ಈಗ ವಿಶ್ವವಿದ್ಯಾಲಯದ ಮಾತು. 1958ರಲ್ಲಿ ಫುಲ್‌ಬ್ರೈಟ್ ವೇತನದ ಮೇಲೆ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಹೋದ ಅವರು, ಹಿಂದಿರುಗಿ ಪಿ. ಸಾಂಬಮೂರ್ತಿ ಕಟ್ಟಿದ ಮದರಾಸು ವಿಶ್ವವಿದ್ಯಾಲಯದ ಸಂಗೀತ ವಿಭಾಗದ ಮುಖ್ಯಸ್ಥರಾಗಿದ್ದರು. ಮತ್ತೆ ಅಮೆರಿಕ; 1975ರಲ್ಲಿ ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯದಿಂದ ರಾಗಾಲಾಪನೆಯ ಮೇಲಿನ ಪ್ರಬಂಧಕ್ಕೆ ಡಾಕ್ಟರೇಟ್, ಅಲ್ಲೇ 2002ರಲ್ಲಿ ತೀರಿಕೊಳ್ಳುವವರೆಗೆ ಪಾಠ. ಇಲ್ಲಿ ಏಳುವ ಆಕ್ಷೇಪಣೆ ಬಲವಾದದ್ದು. ಈ ಸಂಗೀತ ಬೆಳೆದದ್ದು ವರ್ಷಗಟ್ಟಲೆ ಗುರುವಿನ ಜೊತೆಗಿದ್ದು ಕೇಳಿ ಕೇಳಿ ಕಲಿಯುವುದರಿಂದ. ಸೆಮಿಸ್ಟರಿನ ಗಡಿಯಾರದೊಳಗೆ, ರಾಗವೆಂದರೇನೆಂದು ಆ ವಾರವಷ್ಟೇ ಕೇಳಿದ ವಿದ್ಯಾರ್ಥಿಗೆ ಅದನ್ನು ಕಲಿಸಹೊರಟರೆ ಉಳಿಯುವುದು ಸಿಪ್ಪೆ ಮಾತ್ರ. ಇದರಲ್ಲಿ ಅರ್ಧ ನಿಜವಿದೆ. ಆದರೆ ಮನೆಯೊಳಗೆ ಕಲಿತವರು ತಮ್ಮ ಕಲಿಕೆಯನ್ನು ವಿವರಿಸಬೇಕಾದ ಪ್ರಸಂಗವೇ ಬರುವುದಿಲ್ಲ. ಹೊರಗಿನವರ ಮುಂದೆ ಕೂತಾಗ ‘ಹೀಗಲ್ಲ, ಹೀಗೆ’ ಎಂದರೆ ಸಾಲದು, ಯಾಕೆ ಎಂಬುದನ್ನೂ ಹೇಳಬೇಕಾಗುತ್ತದೆ. ಆಲಾಪನೆ ‘ತಾನಾಗಿ ಬರುತ್ತದೆ’ ಎನ್ನುವ ನಮ್ಮ ವಿದ್ವತ್‌ ಲೋಕದಲ್ಲಿ, ಅದರ ಹೆಜ್ಜೆಗಳನ್ನು ಬಿಡಿಸಿಟ್ಟು ಪ್ರಬಂಧ ಬರೆದ ಕಚೇರಿ ಕಲಾವಿದರು ಎಷ್ಟು ಮಂದಿ? ಜೊತೆಗೆ, ವಿದೇಶದ ಕೆಲಸ ಅವರನ್ನು ಕಚೇರಿಯ ಸಂಗೀತದಿಂದ ದೂರ ಒಯ್ದಿತು ಎನ್ನಲೂ ಆಗದು. 1988ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ ‘ಸಂಗೀತ ಕಲಾನಿಧಿ’ ಕೊಟ್ಟದ್ದು ಇದೇ ಮೇಷ್ಟರಿಗೆ.

ನನ್ನ ವಾದಕ್ಕೆ ದೊಡ್ಡ ಸಾಕ್ಷಿ ಅವರ ಶಿಷ್ಯರಲ್ಲೇ ಇದೆ. ಅವರಲ್ಲಿ ಎಲ್ಲರಿಗಿಂತ ಹೆಸರಾದ ಜಾನ್ ಹಿಗ್ಗಿನ್ಸ್ ಕೊಳಲುವಾದಕರಲ್ಲ, ಗಾಯಕ. ಅರವತ್ತರ ದಶಕದಲ್ಲಿ ಮದರಾಸಿಗೆ ಬಂದು ಕಲಿತು, ತಿರುವೈಯಾರಿನ ತ್ಯಾಗರಾಜ ಆರಾಧನೆಯಲ್ಲಿ ಹಾಡಿ, ‘ಹಿಗ್ಗಿನ್ಸ್ ಭಾಗವತರ್’ ಎನಿಸಿಕೊಂಡ ಈ ಅಮೆರಿಕನ್ನರ ಕಂಠದಲ್ಲಿ ‘ಕೃಷ್ಣಾ ನೀ ಬೇಗನೆ ಬಾರೋ’ ಕೇಳಿದ ಕನ್ನಡಿಗರು ಉಚ್ಚಾರಣೆಯಲ್ಲಿ ತಪ್ಪು ಹುಡುಕಬಹುದು. ಆದರೆ ಪದ ಮುರಿದಲ್ಲಿ ಉಸಿರೆಳೆದರು ಎನ್ನಲಾರರು. ಕೊಳಲಿನ ಗುರು ಗಾಯಕನಿಗೆ ಕೊಟ್ಟ ಪಾಠ ಇದೇ. ಕಾಲೇಜುಗಳಲ್ಲಿ ವೀಣೆ, ಕೊಳಲು, ಗಾಯನ ಎಂದು ಕೊಠಡಿ ಕೊಠಡಿಯಾಗಿ ಹಂಚಿಕೊಂಡ ನಮ್ಮ ಪಠ್ಯಕ್ರಮಕ್ಕೆ ಇಂಥ ಪಾಠ ಸುಲಭವಾಗಿ ಒಗ್ಗುವುದಿಲ್ಲ ಎಂಬುದು ಬೇರೆ ಮಾತು.

ಹಾಗೆಂದು ಕೊರತೆ ಇಲ್ಲವೆಂದಲ್ಲ. ದಕ್ಷಿಣ ಭಾರತದ ಇಂದಿನ ಕೊಳಲುವಾದಕರ ಬೆರಳು, ಉಸಿರುಗಳಲ್ಲಿ ಕಾಣುವ ಛಾಯೆ ಮಾಲಿಯದು. ವಿಶ್ವನಾಥನ್ ಅವರ ಬಾನಿ ಇಲ್ಲಿ ಬೇರುಬಿಡಲಿಲ್ಲ. 1984ರಲ್ಲಿ ಹಿಗ್ಗಿನ್ಸ್ ಅಪಘಾತದಲ್ಲಿ ತೀರಿಕೊಂಡರು, ಮೂರು ವರ್ಷಕ್ಕೆ ರಂಗನಾಥನ್ ಕೂಡ. ದೂರದ ಊರಿನ ಶಾಲೆಯೊಂದು ಕೆಲವೇ ವ್ಯಕ್ತಿಗಳ ಮೇಲೆ ನಿಂತರೆ ಆಗುವ ನಷ್ಟವಿದು. ಆದರೂ ಇನ್ನೊಂದು ಮುಖ ನೋಡಬೇಕು. ದೇವದಾಸಿ ಹಿನ್ನೆಲೆಯ ಮನೆಯ ಸಂಗೀತವನ್ನು ಸಭೆಗಳು ಹೊಗಳುತ್ತಲೇ, ಆ ಮನೆಯ ಹೆಣ್ಣುಮಕ್ಕಳ ಬದುಕನ್ನು ಸಂಕೋಚದಿಂದ ನೋಡಿದ ಶತಮಾನ ಅದು. ಆ ಸಂಗೀತ ಒಳ್ಳೆಯದೆಂದು ಯಾರೂ ಹೇಳಿಕೊಡದಿದ್ದ ವಿದ್ಯಾರ್ಥಿಗಳ ಮುಂದೆ ಅದನ್ನು ಇಟ್ಟು, ಜಾತಿಯ ಹಂಗಿಲ್ಲದೆ ಕಲಿಸಲು ಸಾಧ್ಯವಾದದ್ದು ಆ ತರಗತಿಯ ಕೋಣೆಯಲ್ಲಿ. ಮನೆಯೊಳಗಿನ ಆಸ್ತಿ ಹೊರಗೆ ಬಂದದ್ದು ಹೀಗೆ. ಶಿಷ್ಯ ಮ್ಯಾಥ್ಯೂ ಆಲೆನ್ ಜೊತೆ ಬರೆದ ದಕ್ಷಿಣ ಭಾರತದ ಸಂಗೀತದ ಪುಸ್ತಕವನ್ನು ಆಕ್ಸ್‌ಫರ್ಡ್ ಪ್ರಕಟಿಸಿದ್ದು 2004ರಲ್ಲಿ, ಅವರು ತೀರಿಕೊಂಡು ಎರಡು ವರ್ಷದ ಮೇಲೆ.